ಪ್ಯಾಂಟೊಗೆ ಪುಟ್ಟಿ

ಪ್ರಶ್ನೆ: ಲಂಡನ್‌ಗೆ ಬಂದು ಒಂದು ವರ್ಷ ಆಯಿತು. ಕ್ರಿಸ್‌ಮಸ್‌ಗೆ ಇಲ್ಲಿ ಮಕ್ಕಳನ್ನು ‘ಪ್ಯಾಂಟೊ’ ಎಂಬ ಹಾಡು, ಹಾಸ್ಯದ ನಾಟಕಕ್ಕೆ ಕರೆದೊಯ್ಯುತ್ತಾರೆ. ನಮ್ಮ 4 ವರ್ಷದ ಪುಟ್ಟಿ ಬಾಯಿ ಮುಚ್ಚಿ ಕೂರುವವಳಲ್ಲ. ಹೋಗಬಹುದೇ ಅಕ್ಕಾ?

ಉತ್ತರ: ಬಾಯಿ ಮುಚ್ಚಿ ಕೂತರೆ ಅದು ಪ್ಯಾಂಟೊನೇ ಅಲ್ಲ! ಖಳನಾಯಕ ಬಂದರೆ ಎಲ್ಲರೂ ‘ಬೂ’ ಎನ್ನಬೇಕು, ‘ನಿನ್ನ ಹಿಂದೇನೇ ಇದ್ದಾನೆ!’ ಎಂದು ಕಿರುಚಬೇಕು. ‘ಡೇಮ್’ ಎಂಬ ಹೆಂಗಸಿನ ಪಾತ್ರ ಸಾಮಾನ್ಯವಾಗಿ ಗಂಡಸಿನದೇ. ಯಕ್ಷಗಾನದ ಸ್ತ್ರೀವೇಷದ ನಾಜೂಕು ಹುಡುಕಬೇಡಿ, ಇದು ಪೂರ್ತಿ ತಮಾಷೆ.

ನಾವು ಬರ್ಮಿಂಗ್‌ಹ್ಯಾಂನಲ್ಲಿದ್ದಾಗ ನನ್ನ ಮಗ ‘ಢಂ’ ಎಂಬ ಸದ್ದಿಗೆ ಬೆದರಿ ನನ್ನ ಕೋಟಿನೊಳಗೆ ತಲೆ ತೂರಿಸಿದ್ದ. ಇಂಟರ್ವಲ್‌ನ ಐಸ್‌ಕ್ರೀಮೇ ಅವನನ್ನು ಹೊರಗೆ ತಂದಿತು. ಅದಕ್ಕೇ ಮಧ್ಯಾಹ್ನದ ಆಟ, ಸಾಲಿನ ತುದಿಯ ಸೀಟು ತೆಗೆದುಕೊಳ್ಳಿ. ‘ರಿಲ್ಯಾಕ್ಸ್ಡ್’ ಪ್ರದರ್ಶನ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಸದ್ದು, ಬೆಳಕಿನ ಅಬ್ಬರ ಕಡಿಮೆ. ಮಧ್ಯೆ ಎದ್ದು ಹೋದರೂ ಯಾರೂ ಗುರಾಯಿಸುವುದಿಲ್ಲ.