ಮುಳುಗಡೆಯಾದ ಊರಿನವರನ್ನು ಹುಡುಕುವ ತಂಗಿಗೆ

ಪ್ರೀತಿಯ ತಂಗಿ,

ಟೊರೊಂಟೊಗೆ ಬಂದು ಮೊದಲ ಚಳಿಗಾಲ ಕಳೆಯುತ್ತಿರುವ ನೀನು ಎರಡು ಮಾತು ಕೇಳಿದ್ದೀಯೆ: ಇಲ್ಲಿ ಮನಸ್ಸು ನಿಲ್ಲುತ್ತದೆಯೇ? ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಅಜ್ಜಿಯ ಊರಿನ ಹಸೆ ಚಿತ್ತಾರ ಎಂಬ ಗೋಡೆಚಿತ್ರ ಕಲೆಯನ್ನು ಉಳಿಸಲು ದೂರದಿಂದ ಏನಾದರೂ ಮಾಡಬಹುದೇ? ನಿಲ್ಲುತ್ತದೆ. ಬೆಚ್ಚನೆಯ ಕೋಟು ಕೊಂಡುಕೋ, ಭಾನುವಾರ ಒಬ್ಬಳೇ ಕೂರಬೇಡ, ನಮ್ಮ ಮನೆಗೆ ಊಟಕ್ಕೆ ಬಾ.

ಎರಡನೆಯದು ನನಗೂ ಹತ್ತಿರದ ವಿಷಯ. ಊರು ನೀರಿನಡಿ ಹೋದರೂ ಊರಿನವರು ಇದ್ದಾರೆ. 1964ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಶರಾವತಿ ಕಣಿವೆಯಿಂದ ಎಬ್ಬಿಸಿದ ಅನೇಕ ಕುಟುಂಬಗಳಿಗೆ ಶಿವಮೊಗ್ಗದ ಸುತ್ತಲಿನ ಕಾಡಂಚಿನಲ್ಲಿ ಜಾಗ ತೋರಿಸಿದರು. ಆ ಭೂಮಿ ಅರಣ್ಯದ ದಾಖಲೆಯಲ್ಲೇ ಉಳಿದಿದ್ದರಿಂದ ಎಷ್ಟೋ ಜನರಿಗೆ ಇಂದಿಗೂ ಹಕ್ಕುಪತ್ರವಿಲ್ಲ. ಹಾಗಾಗಿ ಫೋನ್ ಮಾಡಿದ ಕೂಡಲೇ ಚಿತ್ತಾರದ ಮಾತೆತ್ತಬೇಡ. ಅಜ್ಜಿಯ ಹೆಸರು, ಮನೆತನ, ಮುಳುಗಿದ ಊರಿನ ಹೆಸರು ಹೇಳು. ಅವರ ಜಮೀನಿನ ಗತಿ ಏನಾಯಿತೆಂದು ಕೇಳು. ಆ ಸಂಕಟ ಕೇಳದವರಿಗೆ ಹಾಡು ಹೇಳು, ಗೋಡೆ ತೋರಿಸು ಎನ್ನುವ ಅಧಿಕಾರವಿಲ್ಲ ಎಂದೇ ನಾನು ನಂಬಿದ್ದೇನೆ. ಚಳಿಗಾಲದಲ್ಲಿ ನಮ್ಮ ಶನಿವಾರ ಬೆಳಗಿನ ಎಂಟು ಗಂಟೆ ಎಂದರೆ ಅಲ್ಲಿ ಸಂಜೆ ಆರೂವರೆ. ಹಿರಿಯರು ಮಾತಿಗೆ ಸಿಗುವ ಹೊತ್ತು.

ಆಮೇಲೆ ಮಲೆನಾಡಿನ ದೀವರು ಸಮುದಾಯದ ಮನೆಗಳಲ್ಲಿ ಈ ಚಿತ್ತಾರ ಬರೆಯುವ ಹೆಂಗಸರ, ಅಂದರೆ ಚಿತ್ತಾರಗಿತ್ತಿಯರ, ಕೆಲಸ ದಾಖಲಿಸು. ಮುಗಿದ ಚಿತ್ರದ ಫೋಟೊ ಸಾಲದು. ಕೆಮ್ಮಣ್ಣು ಎಲ್ಲಿಂದ ತಂದರು, ಅಕ್ಕಿ ನೆನೆಸಿ ಅರೆದು ಬಿಳಿ ಬಣ್ಣವನ್ನು ಎಷ್ಟು ತೆಳ್ಳಗೆ ಮಾಡಿದರು, ಹುರಿದು ಕರಿ ಮಾಡಿದ ಅಕ್ಕಿಯಿಂದ ಕಪ್ಪು ಹೇಗೆ ಬಂತು, ಪುಂಡಿ ನಾರಿನ ಕುಂಚ ಹೇಗೆ ಕಟ್ಟಿದರು, ಎಳೆ ಎಳೆಯುವಾಗ ಯಾವ ಹಾಡು ಹೇಳಿದರು – ಇವೆಲ್ಲ ಬೇಕು. ಊರಿನಲ್ಲಿ ಮೊಬೈಲ್ ಹಿಡಿಯಬಲ್ಲ ಮೊಮ್ಮಗಳು ಒಬ್ಬಳಾದರೂ ಇರುತ್ತಾಳೆ. ಅವಳ ಕೈಯಲ್ಲೇ ಚಿತ್ರೀಕರಣ ಮಾಡಿಸು, ಅವಳ ಶ್ರಮಕ್ಕೆ ಹಣ ಕೊಡು. ಅದರ ಒಂದು ಪ್ರತಿ ಅಲ್ಲಿಯ ಶಾಲೆಯಲ್ಲಿ ಉಳಿಯಲಿ, ಚಿತ್ತಾರ ಬರೆದವರ ಹೆಸರಿನೊಂದಿಗೆ.

ಹಣ ಕಳುಹಿಸುವುದಾದರೆ ಭೂಮಿ ಹುಣ್ಣಿಮೆಗೆ, ಅಂದರೆ ಭೂಮಿತಾಯಿಯನ್ನು ಪೂಜಿಸುವ ಹಬ್ಬಕ್ಕೆ, ಮುಂಚೆ ಕಳುಹಿಸು. ಗದ್ದೆಗೆ ಚೆಲ್ಲುವ ಎಡೆಯನ್ನು, ಅಂದರೆ ಚರಗವನ್ನು, ಒಯ್ಯುವ ಬೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುವ ಕಾಲ ಅದು. ಆ ಬುಟ್ಟಿಯನ್ನು ಅಲಂಕಾರಕ್ಕೆಂದು ಇಲ್ಲಿಗೆ ತರಿಸಿಕೊಳ್ಳಬೇಡ. ಅದು ಅವರ ಗದ್ದೆಗೇ ಹೋಗಲಿ. ಮುಂದಿನ ರಜೆಯನ್ನು ಮೇ ಬದಲು ಆ ಹಬ್ಬಕ್ಕೆ ಹೊಂದಿಸಿಕೊಂಡರೆ, ಹಿಂದಿನ ರಾತ್ರಿಯ ಅಡುಗೆಗೆ ಸೊಪ್ಪು ಹೆಚ್ಚಲು ನೀನೂ ಕೂರಬಹುದು.