ಬ್ಯಾಂಡ್ ಬಂದಿಲ್ಲ ಅಂತ ವಿಷಯ ಬದಲಿಸಬೇಡಿ

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಕಾರವಾರದಲ್ಲಿ ಎಂಎಸ್ಸಿ ಪ್ರಾಜೆಕ್ಟು, ಸೀ ಅರ್ಚಿನ್ (ಮೈತುಂಬ ಮುಳ್ಳಿರುವ ಸಮುದ್ರಜೀವಿ) ಭ್ರೂಣ, ಆಲಿಗೋ-ಡಿಟಿ (‘ಟಿ’ ಅಕ್ಷರಗಳಷ್ಟೇ ಇರುವ ಚಿಕ್ಕ ಡಿಎನ್‌ಎ ತುಣುಕು) ಹಾಕಿ ಮಾಡಿದ ಸಿಡಿಎನ್‌ಎ, ಅಂದ್ರೆ ಆರ್‌ಎನ್‌ಎಯಿಂದ ನಕಲು ತೆಗೆದ ಡಿಎನ್‌ಎ, ಉಳಿದ ಜೀನ್‌ಗಳೆಲ್ಲ ಬಂದವು, ಡಿಎನ್‌ಎ ಸುತ್ತಿಡುವ ಪ್ರೋಟೀನ್ ಹಿಸ್ಟೋನ್, ಅದರ ಜೀನ್‌ನ ಬ್ಯಾಂಡ್ (ಜೆಲ್‌ನಲ್ಲಿ ಕಾಣುವ ಗೆರೆ) ಮಾತ್ರ ಇಲ್ಲ. ಜೊತೆಗೆ ‘ಹಿಸ್ಟೋನ್ ಎಲ್ಲ ಜೀವಿಗಳಲ್ಲೂ ಹೆಚ್ಚುಕಮ್ಮಿ ಒಂದೇ, ಇದರಲ್ಲಿ ವಿಕಾಸ ಅಂತ ನೋಡೋಕೆ ಏನಿದೆ, ವಿಷಯ ಬದಲಿಸಲಾ’ ಅಂತ ಕೇಳಿದ್ದೀರಿ. ಬೇಡ. ಹತ್ತು ವರ್ಷದ ಹಿಂದೆ ನೀವು ನಿಂತ ಜಾಗದಲ್ಲೇ ನಾನೂ ನಿಂತಿದ್ದೆ.

ನಾನು ಶಿರಸಿ ಕಡೆಯವನು. ಸಮುದ್ರದ ಕೆಲಸ ಗೊತ್ತಿರಲಿಲ್ಲ. ಬೈತಖೋಲದ ಮೀನುಗಾರರೊಬ್ಬರು ಇಳಿತದ ಹೊತ್ತು ನೋಡಿ ಬಂಡೆಗಳ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ‘ತಮ್ಮಾ, ಬರಿಗೈಯಲ್ಲಿ ಮುಟ್ಟಬೇಡ, ಮುಳ್ಳು ಒಳಗೇ ಮುರೀತದೆ’ ಅಂತ ಪ್ರತಿ ಸಲ ಹೇಳೋರು. ಬಕೆಟ್‌ನಲ್ಲಿ ತಂದು, ಬಾಯಿ ಸುತ್ತಲಿನ ಮೆತ್ತನೆ ಚರ್ಮಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಚುಚ್ಚಿ, ಸಮುದ್ರದ ನೀರು ತುಂಬಿದ ಬೀಕರ್ ಮೇಲೆ ಬೋರಲು ಹಾಕುತ್ತಿದ್ದೆ. ಹೆಣ್ಣಾದರೆ ಸ್ವಲ್ಪ ಹೊತ್ತಿಗೆ ಮೊಟ್ಟೆಗಳು ಅರಿಶಿನ ಕದಡಿದ ಹಾಗೆ ಎಳೆ ಎಳೆಯಾಗಿ ತಳಕ್ಕೆ ಇಳಿಯುತ್ತಿದ್ದವು. ಗಂಡಾದರೆ ಹಾಲಿನಂಥ ಬಿಳಿ. ಎರಡೂ ಸೇರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದೆರಡು ನಿಮಿಷದಲ್ಲಿ ಮೊಟ್ಟೆ ಸುತ್ತ ಪೊರೆ ಉಬ್ಬಿ ಉಂಗುರದ ಹಾಗೆ ಎದ್ದು ನಿಲ್ಲುತ್ತದೆ. ಅದನ್ನು ನೋಡಿದ ದಿನ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಗಂಟೆಗೊಮ್ಮೆ ಸ್ಯಾಂಪಲ್ ತೆಗೆದೆ.

ಇಷ್ಟೂ ಸರಿಯಾಗಿತ್ತು. ತಪ್ಪಾಗಿದ್ದು ಆಮೇಲೆ. ಆರ್‌ಎನ್‌ಎ ಶುದ್ಧವಾಗಿರಲಿ ಅಂತ ಆಲಿಗೋ-ಡಿಟಿ ಮಣಿಗಳ ಮೇಲೆ ಹಾಯಿಸಿದೆ. ಮಣಿಗೆ ಅಂಟಿದ್ದನ್ನು ಇಟ್ಟುಕೊಂಡೆ, ಅಂಟದೆ ಕೆಳಗೆ ಹರಿದದ್ದನ್ನು ಸಿಂಕಿಗೆ ಸುರಿದೆ. ನನ್ನ ಹಿಸ್ಟೋನ್ ಇದ್ದದ್ದು ಅದರಲ್ಲೇ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನನಗೆ ಆಗ ಯಾರೂ ಹೇಳಲಿಲ್ಲ. ಸಾಮಾನ್ಯವಾಗಿ ಎಂಆರ್‌ಎನ್‌ಎ (ಪ್ರೋಟೀನ್ ಮಾಡೋಕೆ ಜೀನ್‌ನ ಸಂದೇಶ ಒಯ್ಯುವ ಆರ್‌ಎನ್‌ಎ) ಕೊನೆಯಲ್ಲಿ ‘ಎ’ ಅಕ್ಷರಗಳ ಉದ್ದ ಬಾಲ ಇರುತ್ತದೆ, ಆಲಿಗೋ-ಡಿಟಿ ಹಿಡಿಯೋದು ಆ ಬಾಲವನ್ನು. ಡಿಎನ್‌ಎ ನಕಲಾಗುವಾಗ ಬೇಕಾಗುವ ಹಿಸ್ಟೋನ್‌ಗಳ ಎಂಆರ್‌ಎನ್‌ಎಗೆ ಆ ಬಾಲವೇ ಇಲ್ಲ. ಅದರ ತುದಿ ತನ್ನ ಮೇಲೆ ತಾನೇ ಮಡಚಿಕೊಂಡ ಒಂದು ಚಿಕ್ಕ ಕುಣಿಕೆ. ಆ ಕುಣಿಕೆ ದಾಟಿದ ಮೇಲೆ ಸರಿಯಾದ ಜಾಗದಲ್ಲಿ ಕತ್ತರಿಸೋಕೆ ಯು7 ಅನ್ನುವ ಪುಟ್ಟ ಆರ್‌ಎನ್‌ಎ ಬೇಕು, ಅದು ಮೊದಲು ಗೊತ್ತಾದದ್ದೂ ಸೀ ಅರ್ಚಿನ್‌ನಿಂದಲೇ. ಜೂರಿಕ್‌ನಲ್ಲಿ ಬಿರ್ನ್‌ಸ್ಟೀಲ್ ಅನ್ನುವ ವಿಜ್ಞಾನಿಯ ಲ್ಯಾಬಿನವರು ಅರ್ಚಿನ್‌ನ ಎಚ್3 ಅನ್ನುವ ಹಿಸ್ಟೋನ್ ಜೀನನ್ನು ಕಪ್ಪೆಯ ಮೊಟ್ಟೆಯಾಗಲಿರುವ ಕೋಶಕ್ಕೆ (ಊಸೈಟ್) ಹಾಕಿದಾಗ ತುದಿ ಸರಿಯಾಗಿ ಬರಲಿಲ್ಲ. ಅರ್ಚಿನ್‌ನದೇ ಸಣ್ಣ ಆರ್‌ಎನ್‌ಎ ಸೇರಿಸಿದಾಗ ಬಂತು. 1983ರ ಮಾತು. ನನ್ನ ಜೆಲ್‌ನಲ್ಲಿ ಕಂಡದ್ದು ಎಚ್2ಎ.ಝಡ್ ಅನ್ನುವ ಹಿಸ್ಟೋನ್ ಒಂದೇ. ಅದಕ್ಕೆ ಬಾಲ ಇದೆ, ಹಾಗಾಗಿ ಬಂತು. ಉಳಿದ ಲೇನ್‌ಗಳು ಖಾಲಿ. ‘ಭ್ರೂಣದಲ್ಲಿ ಹಿಸ್ಟೋನ್ ಜೀನ್ ಕೆಲಸ ಮಾಡ್ತಿಲ್ಲ’ ಅಂತ ನಾನು ರಿಪೋರ್ಟಿನಲ್ಲಿ ಬರೆದೂ ಬಿಟ್ಟಿದ್ದೆ. ಗಂಟೆಗಂಟೆಗೆ ಒಡೆಯುತ್ತಿರುವ ಭ್ರೂಣ, ಅದರಲ್ಲಿ ಹಿಸ್ಟೋನ್ ಇಲ್ಲ ಅಂದ್ರೆ ಹೇಗೆ?

ತಪ್ಪು ಗೊತ್ತಾಗುವಾಗ ಏಪ್ರಿಲ್ ಮುಗಿದಿತ್ತು. ಮತ್ತೆ ಹೋಗಿ ಹಿಡಿದವುಗಳಲ್ಲಿ ಮೊಟ್ಟೆ ಇರಲಿಲ್ಲ. ಜೂನ್ ಬಂತು, ಕಾಳಿ ನದಿ ಕೆಂಪಾಗಿ ಸಮುದ್ರಕ್ಕೆ ಸುರಿಯತೊಡಗಿತು, ದೋಣಿಗಳೆಲ್ಲ ದಡಕ್ಕೆ ಬಂದವು. ಒಂದು ಇಡೀ ವರ್ಷ ಹೋಯಿತು.

ಈಗ ನಿಮ್ಮ ‘ವಿಕಾಸ ಏನಿದೆ’ ಅನ್ನೋ ಮಾತು. ಇದನ್ನು ನಾನು ಒಪ್ಪೋದೇ ಇಲ್ಲ. ಎಚ್4 ಪ್ರೋಟೀನಿನಲ್ಲಿ 102 ಅಮೈನೋ ಆಮ್ಲ, ಬಟಾಣಿಗೂ ದನಕ್ಕೂ ಅದರಲ್ಲಿ ವ್ಯತ್ಯಾಸ ಬರೀ 2, ನಿಜ. ಆದರೆ ನೀವು ಪ್ರೋಟೀನನ್ನಷ್ಟೇ ನೋಡ್ತಿದ್ದೀರಿ. ಜೀನ್‌ಗಳನ್ನು ಹೇಗೆ ಜೋಡಿಸಿದೆ, ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ, ಅದನ್ನು ನೋಡಿ. ಕ್ಯಾಲಿಫೋರ್ನಿಯಾ ಕರಾವಳಿಯ ನೇರಳೆ ಅರ್ಚಿನ್‌ನಲ್ಲಿ ‘ಅರ್ಲಿ’ (ಭ್ರೂಣದಲ್ಲಿ ಮೊದಲು ತೆರೆಯುವ) ಹಿಸ್ಟೋನ್ ಜೀನ್‌ಗಳು ಐದೈದರ ಗುಂಪು. ಎಚ್1, ಎಚ್4, ಎಚ್2ಬಿ, ಎಚ್3, ಎಚ್2ಎ. ಇದೇ ಗುಂಪು ಒಂದರ ಹಿಂದೆ ಒಂದು ನೂರಾರು ಸಲ. ‘ಲೇಟ್’ (ಆಮೇಲೆ ತೆರೆಯುವ) ಜೀನ್‌ಗಳು ಕೆಲವೇ ಕೆಲವು, ಅಲ್ಲಲ್ಲಿ ಚದುರಿದವು. ಅರ್ಲಿ ಅಂದ್ರೆ ಮದುವೆ ಮನೆಯ ಕೊಪ್ಪರಿಗೆ, ಒಂದು ದಿನದೊಳಗೆ ಒಂದು ಕೋಶ ನೂರಾರು ಆಗಬೇಕು, ಅಷ್ಟೂ ಹೊಸ ಡಿಎನ್‌ಎ ಸುತ್ತಿಡೋಕೆ ಹಿಸ್ಟೋನ್ ಬೇಕು. ಬ್ಲಾಸ್ಟುಲಾ ಹಂತ (ಭ್ರೂಣ ಟೊಳ್ಳು ಚೆಂಡಿನ ಹಾಗಿರುವ ಹಂತ) ಮುಗಿಯುವಾಗ ಅದನ್ನು ಇಳಿಸಿ ಮನೆ ಒಲೆ ಹಚ್ಚುತ್ತದೆ, ಅದು ಲೇಟ್. ಇವೆರಡೂ ಅಲ್ಲದೆ ಮೊಟ್ಟೆಯಲ್ಲೇ ಕೂಡಿಟ್ಟ ಕ್ಲೀವೇಜ್ (ಮೊದಮೊದಲ ಕೋಶ ವಿಭಜನೆ) ಹಂತದ ಹಿಸ್ಟೋನ್ ಬೇರೆ, ವೀರ್ಯಾಣುವಿನ ಎಚ್1, ಎಚ್2ಬಿ ಬೇರೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಏನು ಗೊತ್ತಾ? ತಾಯಿ ಕೊಟ್ಟ ಅರ್ಲಿ ಎಂಆರ್‌ಎನ್‌ಎ ಮೊಟ್ಟೆಯ ನ್ಯೂಕ್ಲಿಯಸ್ ಒಳಗೇ ಕೂತಿರುತ್ತದೆ, ಮೊದಲ ವಿಭಜನೆಗೆ ನ್ಯೂಕ್ಲಿಯಸ್ ಪೊರೆ ಒಡೆದ ಮೇಲೆ ಮಾತ್ರ ಹೊರಗೆ ಬಂದು ಪ್ರೋಟೀನ್ ಮಾಡೋಕೆ ಸಿಗುತ್ತದೆ.

ಇನ್ನೊಂದು. ಆ ನೂರಾರು ಪ್ರತಿಗಳು ಒಂದೇ ಜಾತಿಯೊಳಗೆ ಒಂದನ್ನೊಂದು ಹೋಲುತ್ತಲೇ ಇರುತ್ತವೆ, ಆದರೆ ಜೀನ್‌ಗಳ ನಡುವಿನ ಖಾಲಿ ಜಾಗ ಜಾತಿಯಿಂದ ಜಾತಿಗೆ ಬೇರೆ. ಗುಂಪು ಬಿಟ್ಟು ದೂರ ಹೋಗಿ ಒಂಟಿಯಾದ ಪ್ರತಿಗಳೂ ಇವೆ, 1981ರಲ್ಲೇ ಅವಕ್ಕೆ ‘ಆರ್ಫಾನ್’ (orphon) ಅಂತ ಹೆಸರಿಟ್ಟರು. ಇಷ್ಟಿದ್ದೂ ನೋಡೋಕೆ ಏನಿಲ್ಲ ಅಂತೀರಾ?

ವಿಷಯ ಬದಲಿಸಿದರೆ ಲಾಭವೋ ನಷ್ಟವೋ ಅಂತ ನಾನು ತೂಗೋಕೆ ಹೋಗಲ್ಲ. ನೀವು ಮಣಿ ಹಾಕಿಲ್ಲ, ಬರೀ ಸಿಡಿಎನ್‌ಎಗೆ ಆಲಿಗೋ-ಡಿಟಿ ಬಳಸಿದ್ದೀರಿ, ಟೋಟಲ್ ಆರ್‌ಎನ್‌ಎ ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿ ಇದೆ ಅಂತ ಬರೆದಿದ್ದೀರಿ. ಹಾಗಿದ್ರೆ ಏನೂ ಹಾಳಾಗಿಲ್ಲ. ಅದನ್ನೇ ತೆಗೆದು ರ‍್ಯಾಂಡಮ್ ಹೆಕ್ಸಾಮರ್ (ಬಾಲ ಬೇಡದೆ ಎಲ್ಲೆಂದರಲ್ಲಿ ಅಂಟಿ ನಕಲು ಶುರುಮಾಡುವ ಚಿಕ್ಕ ಡಿಎನ್‌ಎ ತುಣುಕು, ಅಂದ್ರೆ ಪ್ರೈಮರ್) ಹಾಕಿ ಮತ್ತೆ ಸಿಡಿಎನ್‌ಎ ಮಾಡಿ. ಅದಕ್ಕೆ ಮುಂಚೆ ಡಿಎನ್‌ಏಸ್ (ಡಿಎನ್‌ಎ ಚೂರು ಮಾಡುವ ಕಿಣ್ವ) ಕೊಡಲೇಬೇಕು. ಈ ಜೀನ್‌ಗಳಲ್ಲಿ ಇಂಟ್ರಾನ್ (ಆರ್‌ಎನ್‌ಎ ಆದಾಗ ಕತ್ತರಿಸಿ ಹೋಗುವ ನಡುವಿನ ಭಾಗ) ಇಲ್ಲ, ಮೇಲಿಂದ ನೂರಾರು ಪ್ರತಿ, ಚೂರು ಡಿಎನ್‌ಎ ಉಳಿದರೂ ಅದೇ ಅಳತೆಯ ಬ್ಯಾಂಡ್ ಬಂದು ಮೋಸ ಮಾಡುತ್ತದೆ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ (ಆರ್‌ಎನ್‌ಎಯಿಂದ ಸಿಡಿಎನ್‌ಎ ಮಾಡುವ ಕಿಣ್ವ) ಹಾಕದ ಒಂದು ಟ್ಯೂಬನ್ನೂ ಪಕ್ಕದಲ್ಲಿ ಓಡಿಸಿ. ಅರ್ಲಿ, ಲೇಟ್ ಬೇರೆ ಮಾಡೋ ಪ್ರೈಮರನ್ನು ಪ್ರೋಟೀನ್ ಭಾಗದಲ್ಲಿ ಹುಡುಕಬೇಡಿ, ಅದರ ಹೊರಗೆ ಕೊನೆಯ ತುದಿ ಕಡೆ ಹುಡುಕಿ.

ಮುಂದಿನ ವರ್ಷ ಜನವರಿಯಲ್ಲಿ ನಾನು ಹೀಗೇ ಮಾಡಿದೆ. ಆ ಜೆಲ್ ಫೋಟೋ ಈಗಲೂ ನನ್ನ ಹತ್ತಿರ ಇದೆ. ಎಡಗಡೆ ದಪ್ಪ ಅರ್ಲಿ ಬ್ಯಾಂಡ್, ಬ್ಲಾಸ್ಟುಲಾ ದಾಟಿದ ಮೇಲೆ ಸಣ್ಣಗಾಗುತ್ತಾ ಹೋಗಿದೆ, ಕೆಳಗಿನ ಸಾಲಿನಲ್ಲಿ ಲೇಟ್ ಮೆಲ್ಲಗೆ ಶುರುವಾಗಿದೆ. ನಿಮ್ಮದು ಬಂದಾಗ ಇಲ್ಲೇ ಕೆಳಗೆ ಹಾಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.