200 ಮೆಗಾಪಿಕ್ಸೆಲ್ ಮೊಬೈಲಿಗೆ ನಕ್ಷತ್ರಗಳು ಎಷ್ಟು ದಕ್ಕುತ್ತವೆ?

ಪ್ರಶ್ನೆ: 200 ಮೆಗಾಪಿಕ್ಸೆಲ್ ಕ್ಯಾಮೆರಾ ಇರುವ ಮೊಬೈಲ್ ಕೊಳ್ಳುವ ಯೋಚನೆಯಲ್ಲಿದ್ದೇನೆ. ಇಷ್ಟೊಂದು ರೆಸಲ್ಯೂಷನ್ ಇರುವುದರಿಂದ ದೂರದರ್ಶಕದ ನೆರವಿಲ್ಲದೆ ಆಕಾಶಗಂಗೆ, ನೀಹಾರಿಕೆ ಮತ್ತು ಗ್ರಹಗಳ ಚಿತ್ರ ತೆಗೆಯಬಹುದೇ? ಮೊಬೈಲಿನಲ್ಲಿ ತೆಗೆದ ಚಂದ್ರನ ಚಿತ್ರಗಳು ಅಸಲಿಯಲ್ಲ ಎಂಬ ಮಾತು ನಿಜವೇ?

ಉತ್ತರ: ಆಕಾಶಗಂಗೆಯನ್ನು ಖಂಡಿತ ತೆಗೆಯಬಹುದು, ಚೆನ್ನಾಗಿಯೇ ತೆಗೆಯಬಹುದು. ನೀಹಾರಿಕೆಗಳಲ್ಲಿ ಒಂದೆರಡು ಮಾತ್ರ ಸಿಕ್ಕಾವು. ಗ್ರಹಗಳ ಮೈಮೇಲಿನ ವಿವರ ಸಿಗುವುದಿಲ್ಲ. ಈ ಮೂರರಲ್ಲಿ ಯಾವುದಕ್ಕೂ 200 ಎಂಬ ಸಂಖ್ಯೆಗೆ ಹೆಚ್ಚಿನ ಸಂಬಂಧವಿಲ್ಲ.

ಇಂತಹ ಫೋನಿನ ಮುಖ್ಯ ಕ್ಯಾಮೆರಾದ ಸಂಗಮ ದೂರ (ದೂರದ ವಸ್ತುವಿನ ಬೆಳಕು ಮಸೂರದಿಂದ ಎಷ್ಟು ದೂರದಲ್ಲಿ ಒಂದುಗೂಡುತ್ತದೆ ಎಂಬ ಅಳತೆ) ಸುಮಾರು 6 ಮಿ.ಮೀ., ಎಫ್-ಸಂಖ್ಯೆ (ಆ ದೂರ ಕಿಂಡಿಯ ವ್ಯಾಸದ ಎಷ್ಟು ಪಟ್ಟು ಎಂಬುದು) 1.7 ಎಂದುಕೊಳ್ಳೋಣ. ಎರಡನ್ನು ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ವ್ಯಾಸ ಸುಮಾರು 3.5 ಮಿ.ಮೀ. ಎಂದು ತಿಳಿಯುತ್ತದೆ, ಕತ್ತಲೆಗೆ ಹೊಂದಿಕೊಂಡ ಯುವಕರ ಕಣ್ಣಿನ ಪಾಪೆ ಅರಳುವುದರ ಅರ್ಧದಷ್ಟು ಇದು. ಕಿಂಡಿ ಇಷ್ಟು ಚಿಕ್ಕದಾದಾಗ ಬೆಳಕು ವಿವರ್ತನೆಗೊಳಗಾಗಿ, ಬಿಂದುವಿನಂತಿರುವ ನಕ್ಷತ್ರವೂ ಸೆನ್ಸರಿನ ಮೇಲೆ ಸುಮಾರು 2.3 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಅಗಲದ ಪುಟ್ಟ ತಟ್ಟೆಯಾಗಿ ಹರಡಿಕೊಳ್ಳುತ್ತದೆ. 200 ಮೆಗಾಪಿಕ್ಸೆಲ್ ಸೆನ್ಸರಿನ ಒಂದೊಂದು ಪಿಕ್ಸೆಲ್‌ನ ಅಗಲ ಸುಮಾರು 0.6 ಮೈಕ್ರಾನ್. ಎಂದರೆ ಒಂದು ನಕ್ಷತ್ರದ ಬೆಳಕು ಉದ್ದಕ್ಕೂ ಅಗಲಕ್ಕೂ ನಾಲ್ಕು ನಾಲ್ಕು ಪಿಕ್ಸೆಲ್‌ಗಳಿಗೆ ಹಂಚಿಹೋಗುತ್ತದೆ. ಮಸೂರವೇ ಬಿಡಿಸಿ ತೋರಿಸಲಾರದ ವಿವರವನ್ನು ಪಿಕ್ಸೆಲ್‌ಗಳನ್ನು ಕತ್ತರಿಸಿ ಕತ್ತರಿಸಿ ಪಡೆಯಲಾಗದು.

ತಯಾರಕರಿಗೂ ಇದು ಗೊತ್ತು. ಆದ್ದರಿಂದಲೇ ಬೆಳಕು ಕಡಿಮೆಯಾದ ಕೂಡಲೇ ಫೋನು ಅಕ್ಕಪಕ್ಕದ 16 ಪಿಕ್ಸೆಲ್‌ಗಳನ್ನು ಒಂದಾಗಿ ಪರಿಗಣಿಸಿ, 2.4 ಮೈಕ್ರಾನ್ ಅಗಲದ ಪಿಕ್ಸೆಲ್‌ಗಳಿರುವ 12.5 ಮೆಗಾಪಿಕ್ಸೆಲ್ ಕ್ಯಾಮೆರಾದಂತೆ ವರ್ತಿಸುತ್ತದೆ. ಪಿಕ್ಸೆಲ್ ಬಿನ್ನಿಂಗ್ ಎಂದು ಕರೆಯುವುದು ಇದನ್ನೇ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚಾಗುವ ಸಂಖ್ಯೆ ಇರುಳಿನಲ್ಲಿ ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂಬುದನ್ನು ಮಾತ್ರ ಯಾರೂ ಅಷ್ಟೇ ದೊಡ್ಡದಾಗಿ ಬರೆಯುವುದಿಲ್ಲ.

ಬಿನ್ನಿಂಗ್ ನಿಲ್ಲಿಸಿ ಪೂರ್ಣ ರೆಸಲ್ಯೂಷನ್ನಿನಲ್ಲೇ ತೆಗೆಯುತ್ತೇನೆಂದರೆ ಇನ್ನೊಂದು ತೊಡಕಿದೆ. ಭೂಮಿಯ ಆವರ್ತನೆಯಿಂದಾಗಿ ಆಕಾಶದ ಸಮಭಾಜಕದ ಬಳಿಯ ನಕ್ಷತ್ರಗಳು ಪ್ರತಿ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್‌ನಷ್ಟು ಸರಿಯುತ್ತವೆ. ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3600ನೆಯ ಒಂದು ಭಾಗ. ಮೇಲಿನ ಲೆಕ್ಕದ ಕ್ಯಾಮೆರಾದಲ್ಲಿ 0.6 ಮೈಕ್ರಾನ್ ಪಿಕ್ಸೆಲ್ ಆಕಾಶದ ಸುಮಾರು 20 ಆರ್ಕ್‌ಸೆಕೆಂಡ್ ಭಾಗವನ್ನು ಮಾತ್ರ ನೋಡುತ್ತದೆಯಾದ್ದರಿಂದ ನಕ್ಷತ್ರವು ಒಂದೂವರೆ ಸೆಕೆಂಡಿನೊಳಗೆ ಪಕ್ಕದ ಪಿಕ್ಸೆಲ್‌ಗೆ ದಾಟಿಬಿಡುತ್ತದೆ. ಬಿನ್ನಿಂಗ್ ಆದ ಪಿಕ್ಸೆಲ್‌ನಲ್ಲಿ ಅದು ಐದಾರು ಸೆಕೆಂಡು ಉಳಿಯುತ್ತದೆ. ಹಾಗಾಗಿ ಹತ್ತು ಸೆಕೆಂಡಿನ ಎಕ್ಸ್‌ಪೋಷರ್‌ನಲ್ಲಿಯೂ (ಎಂದರೆ ಸೆನ್ಸರಿಗೆ ಅಷ್ಟು ಹೊತ್ತು ಬೆಳಕು ಬೀಳಲು ಬಿಟ್ಟರೂ) ನಕ್ಷತ್ರಗಳು ಬಹುಮಟ್ಟಿಗೆ ಚುಕ್ಕೆಗಳಾಗಿಯೇ ಕಾಣುತ್ತವೆ.

ಹಾಗಿದ್ದರೆ ಮೊಬೈಲಿನ ನಿಜವಾದ ಬಲ ಎಲ್ಲಿದೆ? ನನ್ನ ಅಭಿಪ್ರಾಯದಲ್ಲಿ ಅದು ಗಣನೆಯಲ್ಲಿದೆ. ಗೂಗಲ್ 2019ರಲ್ಲಿ ಪಿಕ್ಸೆಲ್ 4 ಫೋನಿನೊಂದಿಗೆ ತಂದ ಖಗೋಳ ಛಾಯಾಗ್ರಹಣ ವಿಧಾನವು ಒಂದೇ ದೀರ್ಘ ಎಕ್ಸ್‌ಪೋಷರ್ ತೆಗೆದುಕೊಳ್ಳುವುದಿಲ್ಲ. ಹೆಚ್ಚೆಂದರೆ 16 ಸೆಕೆಂಡಿನ 15 ಚೌಕಟ್ಟುಗಳನ್ನು ಸಾಲಾಗಿ ತೆಗೆದು, ಸರಿದ ನಕ್ಷತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಸೇರಿಸುತ್ತದೆ. ಈ ಪೇರಿಸುವಿಕೆಯನ್ನು ಖಗೋಳ ಛಾಯಾಗ್ರಾಹಕರು ಸ್ಟ್ಯಾಕಿಂಗ್ ಎಂದು ಕರೆದು ಎಷ್ಟೋ ವರ್ಷಗಳಿಂದ ಬಳಸುತ್ತ ಬಂದಿದ್ದಾರೆ. ಹೀಗೆ ಹೊಂದಿಸಿದ ಮೇಲೆ ನಕ್ಷತ್ರದ ಬೆಳಕು ಪ್ರತಿ ಚೌಕಟ್ಟಿನಲ್ಲೂ ಅದೇ ಜಾಗದಲ್ಲಿರುತ್ತದೆ, ಕಾಳುಕಾಳಾಗಿ ಕಾಣುವ ನಾಯ್ಸ್ ಮಾತ್ರ ಪ್ರತಿಸಲವೂ ಬೇರೆಬೇರೆಯಾಗಿರುತ್ತದೆ. ಆದ್ದರಿಂದ 16 ಚೌಕಟ್ಟುಗಳನ್ನು ಸೇರಿಸಿದರೆ ಚಿತ್ರದ ಗುಣಮಟ್ಟ ನಾಲ್ಕು ಪಟ್ಟು, 64 ಸೇರಿಸಿದರೆ ಎಂಟು ಪಟ್ಟು ಉತ್ತಮಗೊಳ್ಳುತ್ತದೆ.

ಇದನ್ನು ಫೋನಿಗೇ ಬಿಡದೆ ನೀವೇ ಮಾಡಿದರೆ ಫಲಿತಾಂಶ ಇನ್ನೂ ಚೆನ್ನಾಗಿರುತ್ತದೆ. ಫೋನನ್ನು ಟ್ರೈಪಾಡಿಗೆ ಬಿಗಿದು, ಪ್ರೊ ಮೋಡಿನಲ್ಲಿ ರಾ ಕಡತವನ್ನು (ಫೋನು ತಿದ್ದದೆ ಉಳಿಸುವ ಸೆನ್ಸರಿನ ಮೂಲ ಮಾಹಿತಿ) ಆಯ್ದುಕೊಂಡು, ಬೆಳಕಿನ ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂದು ಹೇಳುವ ಐಎಸ್‌ಒ ಸಂಖ್ಯೆಯನ್ನು 1600ರಿಂದ 3200ರ ನಡುವೆ ಇಟ್ಟು, ಹತ್ತು ಸೆಕೆಂಡಿನಂತೆ ಐವತ್ತು-ಅರವತ್ತು ಚಿತ್ರ ತೆಗೆಯಿರಿ. ಬೆರಳು ತಗುಲಿ ಅಲುಗಾಡದಂತೆ ಟೈಮರ್ ಬಳಸಿ. ಫೋಕಸ್ಸನ್ನು ಅನಂತದ ಗುರುತಿಗೆ ತಳ್ಳಿ ಸುಮ್ಮನಾಗಬೇಡಿ. ಎಷ್ಟೋ ಫೋನುಗಳಲ್ಲಿ ಆ ಗುರುತು ನಿಜವಾದ ಅನಂತವನ್ನು ದಾಟಿ ನಿಂತಿರುತ್ತದೆ. ಪ್ರಖರವಾದ ಒಂದು ನಕ್ಷತ್ರವನ್ನು ಪರದೆಯಲ್ಲಿ ಹಿಗ್ಗಿಸಿ, ಅದು ಅತಿ ಚಿಕ್ಕ ಚುಕ್ಕೆಯಾಗುವವರೆಗೆ ಹೊಂದಿಸುವುದು ಖಚಿತ ಮಾರ್ಗ. ಚಿತ್ರಗಳನ್ನು ಪೇರಿಸಲು ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಮುಂತಾದ ಉಚಿತ ತಂತ್ರಾಂಶಗಳಿವೆ. ನಡುವೆ ಹಾದುಹೋದ ಉಪಗ್ರಹ, ವಿಮಾನಗಳ ಗೀರುಗಳನ್ನೂ ಅವು ತೆಗೆದುಹಾಕಬಲ್ಲವು. ಇಷ್ಟೆಲ್ಲ ಮಾಡಿಯೂ ಊರಿನ ದೀಪಗಳ ನಡುವೆ ಆಕಾಶಗಂಗೆ ಮೂಡುವುದಿಲ್ಲ. ಚಂದ್ರನಿಲ್ಲದ ಕತ್ತಲೆಯ ಆಕಾಶವು ಯಾವ ಸೆನ್ಸರಿಗಿಂತಲೂ ಮುಖ್ಯ.

ನೀಹಾರಿಕೆಗಳ ವಿಷಯದಲ್ಲಿ ನಿರೀಕ್ಷೆ ಮಿತವಾಗಿರಲಿ. ಮಹಾವ್ಯಾಧದ ನೀಹಾರಿಕೆ ಆಕಾಶದಲ್ಲಿ ಸುಮಾರು ಒಂದು ಡಿಗ್ರಿ ಹರಡಿದ್ದರೂ ಮುಖ್ಯ ಕ್ಯಾಮೆರಾದ ಚಿತ್ರದಲ್ಲಿ ಅದಕ್ಕೆ ದಕ್ಕುವುದು ನಲವತ್ತು ಚಿಲ್ಲರೆ ಪಿಕ್ಸೆಲ್ ಅಗಲದ ಜಾಗ. ಅಲ್ಲದೆ ಇಂತಹ ನೀಹಾರಿಕೆಗಳ ಕೆಂಪು ಬಣ್ಣ ಜಲಜನಕವು 656.3 ನ್ಯಾನೋಮೀಟರ್ ತರಂಗಾಂತರದಲ್ಲಿ ಹೊಮ್ಮಿಸುವ ಬೆಳಕಿನದು. ಅವಕೆಂಪು ಕಿರಣಗಳನ್ನು ತಡೆಯಲೆಂದು ಸೆನ್ಸರಿನ ಮುಂದೆ ಇಟ್ಟಿರುವ ಶೋಧಕ ಅದರ ಬಹುಭಾಗವನ್ನೂ ತಡೆಯುತ್ತದೆ.

ಗ್ರಹಗಳಿಗೆ ಬಂದರೆ, ಗುರುಗ್ರಹ ಅತಿ ಹತ್ತಿರ ಬಂದಾಗಲೂ ಸುಮಾರು 50 ಆರ್ಕ್‌ಸೆಕೆಂಡ್ ಅಗಲವಷ್ಟೇ. 3.5 ಮಿ.ಮೀ. ಕಿಂಡಿಯ ಬಿಡಿಸಿ ನೋಡುವ ಸಾಮರ್ಥ್ಯವೇ 40 ಆರ್ಕ್‌ಸೆಕೆಂಡ್ ಇರುವಾಗ ಅದರ ಪಟ್ಟೆಗಳು ಕಾಣುವ ಮಾತೇ ಇಲ್ಲ. ಟೆಲಿಫೋಟೊ ಮಸೂರದಲ್ಲಿ ಒಂದು ಸೆಕೆಂಡಿನ ಎಕ್ಸ್‌ಪೋಷರ್ ಕೊಟ್ಟು ಗುರುವಿನ ಅಕ್ಕಪಕ್ಕ ಅದರ ದೊಡ್ಡ ಉಪಗ್ರಹಗಳನ್ನು ಚುಕ್ಕೆಗಳಾಗಿ ಹಿಡಿಯಲು ಪ್ರಯತ್ನಿಸಬಹುದು. ಅದೇ ಫೋನನ್ನು 100 ಮಿ.ಮೀ. ವ್ಯಾಸದ ಸಾಧಾರಣ ದೂರದರ್ಶಕದ ಐಪೀಸಿಗೆ ಜೋಡಿಸಿ ವಿಡಿಯೊ ತೆಗೆದು, ಗಾಳಿ ನಿಶ್ಚಲವಾಗಿದ್ದ ಕ್ಷಣಗಳ ಚೌಕಟ್ಟುಗಳನ್ನು ಮಾತ್ರ ಆರಿಸಿ ಪೇರಿಸಿದರೆ ಗುರುವಿನ ಪಟ್ಟೆಗಳೂ ಶನಿಯ ಉಂಗುರವೂ ಸಿಗುತ್ತವೆ.

ಇನ್ನು ಚಂದ್ರ. 2023ರಲ್ಲಿ ಬಳಕೆದಾರರೊಬ್ಬರು ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಸುಕುಗೊಳಿಸಿ, ಕಂಪ್ಯೂಟರ್ ಪರದೆಯ ಮೇಲೆ ತೋರಿಸಿ, ಕತ್ತಲೆಯ ಕೋಣೆಯಲ್ಲಿ ಸ್ಯಾಮ್‌ಸಂಗ್ ಫೋನಿನಿಂದ ಅದರ ಫೋಟೊ ತೆಗೆದರು. ಮೂಲದಲ್ಲಿ ಇಲ್ಲದ ಕುಳಿಗಳು ಫೋಟೊದಲ್ಲಿ ಮೂಡಿದ್ದವು. ಚಂದ್ರನನ್ನು ಕೃತಕ ಬುದ್ಧಿಮತ್ತೆಯಿಂದ ಗುರುತಿಸಿ ವಿವರಗಳನ್ನು ಸ್ಪಷ್ಟಗೊಳಿಸುವ ವ್ಯವಸ್ಥೆ ತನ್ನ ಫೋನಿನಲ್ಲಿದೆ ಎಂದು ಕಂಪನಿಯೂ ವಿವರಿಸಿತು. ನೀವೇ ಪರೀಕ್ಷಿಸುವುದಾದರೆ ಟೈಕೊ ಕುಳಿಯನ್ನು ನೋಡಿ. ಅದರ ವ್ಯಾಸ ಸುಮಾರು 85 ಕಿ.ಮೀ. ಐದು ಪಟ್ಟು ಹಿಗ್ಗಿಸುವ ಟೆಲಿಫೋಟೊ ಮಸೂರದ ಕಿಂಡಿ 5.5 ಮಿ.ಮೀ. ಇದ್ದರೆ ಚಂದ್ರನ ಮೇಲೆ ಸುಮಾರು 47 ಕಿ.ಮೀ.ಗಿಂತ ಚಿಕ್ಕದಾದುದನ್ನು ಅದು ಬಿಡಿಸಿ ತೋರಿಸಲಾರದು. ಟೈಕೊ ಒಂದು ಬೆಳ್ಳನೆಯ ಕಲೆಯಾಗಿ ಕಂಡರೆ ಅದು ಮಸೂರದ ಕೆಲಸ. ಅದರ ನಡುವಿನ ಶಿಖರವೂ ಕಂಡರೆ ತಂತ್ರಾಂಶದ ಕೈಚಳಕ. ಅಂತಹ ಚಿತ್ರವನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಆದರೆ ಅದನ್ನು ವೀಕ್ಷಣೆಯ ದಾಖಲೆಯೆಂದು ಕರೆಯಲಾಗದು.

ಕೊಳ್ಳುವಾಗ ಮೆಗಾಪಿಕ್ಸೆಲ್ ಬದಲು ಸೆನ್ಸರಿನ ಗಾತ್ರ, ರಾ ಕಡತದ ಸೌಲಭ್ಯ, ಕೈಯಿಂದ ಫೋಕಸ್ ಹೊಂದಿಸುವ ಅವಕಾಶ ಮತ್ತು ಕನಿಷ್ಠ ಹತ್ತು ಸೆಕೆಂಡಿನ ಎಕ್ಸ್‌ಪೋಷರ್ ಇದೆಯೇ ಎಂದು ವಿಚಾರಿಸಿ.

ಪ್ರಶ್ನೆ: ರಾತ್ರಿ ತೆಗೆದ ಚಿತ್ರಗಳಲ್ಲಿ ಕಣ್ಣಿಗೆ ಕಾಣದ ಕೆಂಪು, ನೀಲಿ ಚುಕ್ಕೆಗಳು ಬರುತ್ತವೆ. ಅವು ಮಂಕಾದ ನಕ್ಷತ್ರಗಳೇ?

ಉತ್ತರ: ಹೆಚ್ಚಿನವು ಅಲ್ಲ. ಸೆನ್ಸರ್ ಬಿಸಿಯಾದಾಗ ಕೆಲವು ಪಿಕ್ಸೆಲ್‌ಗಳು ಬೆಳಕು ಬೀಳದಿದ್ದರೂ ಸಂಕೇತ ಕೊಡುತ್ತವೆ. ಇವಕ್ಕೆ ಹಾಟ್ ಪಿಕ್ಸೆಲ್ ಎನ್ನುತ್ತಾರೆ. ಕೆಲವು ನಿಮಿಷಗಳ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ಹೋಲಿಸಿ ನೋಡಿ. ನಕ್ಷತ್ರಗಳು ಸರಿದಿರುತ್ತವೆ, ಹಾಟ್ ಪಿಕ್ಸೆಲ್‌ಗಳು ಚೌಕಟ್ಟಿನ ಅದೇ ಜಾಗದಲ್ಲಿ ಕುಳಿತಿರುತ್ತವೆ. ಅವುಗಳನ್ನು ಕಳೆಯಲು, ಮಸೂರವನ್ನು ಪೂರ್ತಿಯಾಗಿ ಮುಚ್ಚಿ ಅದೇ ಐಎಸ್‌ಒ ಮತ್ತು ಅದೇ ಅವಧಿಯಲ್ಲಿ ಹತ್ತಿಪ್ಪತ್ತು ಕಪ್ಪು ಚೌಕಟ್ಟುಗಳನ್ನು ತೆಗೆದು ಪೇರಿಸುವ ತಂತ್ರಾಂಶಕ್ಕೆ ಕೊಡಬೇಕು. ಇವನ್ನು ಮನೆಗೆ ಬಂದ ಮೇಲೆ ತೆಗೆಯಬಾರದು. ಫೋನು ಅದೇ ಬಿಸಿಯಲ್ಲಿರುವಾಗ, ಆಕಾಶದ ಚಿತ್ರಗಳು ಮುಗಿದ ಕೂಡಲೇ ಅಲ್ಲೇ ತೆಗೆಯಬೇಕು.